ಮಗಳ ನಿದ್ದೆ, ಮಗಳ ತೂಕ

ನನ್ನ ಮಗಳು ಹುಟ್ಟಿದ್ದು ಅವಳ ತಾಯಿಯ ತವರಾದ ರಾಣೆಬೆನ್ನೂರಿನಲ್ಲಿ. ಮೊದಲ ಐದು ತಿಂಗಳು ಅಲ್ಲಿಯೇ ಇದ್ದಳು. ನಾನು ಬ್ಯಾಡಗಿಯ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕ. ಶನಿವಾರ ಮುಂಜಾನೆಯ ಶಾಲೆ ಮುಗಿದ ಕೂಡಲೇ ಬೈಕ್ ಹತ್ತಿ ರಾಣೆಬೆನ್ನೂರಿಗೆ ಹೋಗುತ್ತಿದ್ದೆ, ಸೋಮವಾರ ನಸುಕಿಗೆ ಮರಳುತ್ತಿದ್ದೆ. ಹೋದಾಗಲೆಲ್ಲ ನಮ್ಮ ಅತ್ತೆ ಒಂದೇ ಸುದ್ದಿ ಹೇಳುತ್ತಿದ್ದರು, ಕೂಸು ಮಲಗುವುದಿಲ್ಲವೆಂದು. ಎರಡು ರಾತ್ರಿಯ ಅತಿಥಿಯಾದ ನನಗೆ ಅದು ದೊಡ್ಡದೆನಿಸುತ್ತಿರಲಿಲ್ಲ. ಕೂಸುಗಳು ಅಳುತ್ತವೆ, ಆಮೇಲೆ ಮಲಗುತ್ತವೆ, ಅಷ್ಟೇ ಎಂದುಕೊಂಡಿದ್ದೆ.

ಐದು ತಿಂಗಳು ತುಂಬಿದ ಮೇಲೆ ತೊಟ್ಟಿಲು, ಬಟ್ಟೆ, ತವರಿನವರು ಕೊಟ್ಟ ಉಂಡೆಯ ಡಬ್ಬಿಗಳ ಸಮೇತ ತಾಯಿ ಮಗಳನ್ನು ಬ್ಯಾಡಗಿಗೆ ಕರೆದುಕೊಂಡು ಬಂದೆವು. ಮೊದಲ ವಾರದಲ್ಲೇ ನನಗೆ ತಿಳಿಯಿತು. ಈ ಕೂಸು ಅರ್ಧ ತಾಸು ಮಲಗುತ್ತಿತ್ತು, ಎದ್ದು ಎರಡು ತಾಸು ಕಣ್ಣು ಬಿಟ್ಟುಕೊಂಡಿರುತ್ತಿತ್ತು. ಅಳುವೇ ಇರಬೇಕೆಂದಿಲ್ಲ. ಕೆಲವು ಸಲ ಸುಮ್ಮನೆ ಫ್ಯಾನು ನೋಡುತ್ತ ಕಾಲು ಬಡಿಯುತ್ತಿತ್ತು. ಆದರೆ ಎತ್ತಿಕೊಂಡವರು ಕುಳಿತರೆ ಮಾತ್ರ ಓಣಿಗೆಲ್ಲ ಕೇಳುವಂತೆ ಅಳು.

ಮನೆಯಲ್ಲಿ ನಾವು ಮೂವರು ದೊಡ್ಡವರು, ನನ್ನ ಅವ್ವ, ನನ್ನ ಹೆಂಡತಿ ಮತ್ತು ನಾನು. ರಾತ್ರಿಯನ್ನು ಮೂರು ಪಾಳಿ ಮಾಡಿಕೊಂಡೆವು. ಒಂದು ಗಂಟೆಯವರೆಗೆ ಅವ್ವ, ಮೂರರವರೆಗೆ ಹೆಂಡತಿ, ಅಲ್ಲಿಂದ ಬೆಳಗಿನವರೆಗೆ ನಾನು. ನನ್ನ ಪಾಳಿಯಲ್ಲಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ತಿರುಗಾಡುತ್ತಿದ್ದೆ. ನನಗೆ ಜೋಗುಳ ಬರುವುದಿಲ್ಲ. ಬಾಯಿಗೆ ಬರುತ್ತಿದ್ದುದು ಶಾಲೆಯ ಕವಾಯತಿನ ಎಣಿಕೆ ಒಂದೇ. ‘ಏಕ್ ದೋ ಏಕ್, ಏಕ್ ದೋ ಏಕ್’ ಎಂದು ಪಿಸುಗುಡುತ್ತ ಹೆಜ್ಜೆ ಹಾಕಿದರೆ ಅವಳ ಉಸಿರು ನಿಧಾನವಾಗುತ್ತಿತ್ತು. ಪಕ್ಕದ ಮನೆಯ ಹಿರಿಯರು ಒಮ್ಮೆ ಗೋಡೆಯಾಚೆಯಿಂದ ಇಣುಕಿ, ಜೆಂಡಾ ವಂದನೆಗೆ ಇನ್ನೂ ಬಹಳ ದಿನವಿದೆಯಲ್ಲ ಮಾಸ್ತರೇ ಎಂದು ಕೇಳಿದ್ದರು.

ಯಾಕೆ ಮಲಗುವುದಿಲ್ಲ ಎಂಬುದಕ್ಕೆ ಎಲ್ಲರ ಹತ್ತಿರವೂ ಒಂದೊಂದು ಕಾರಣವಿತ್ತು. ಅದು ಮೆಣಸಿನಕಾಯಿ ಸುಗ್ಗಿ. ಮಾರುಕಟ್ಟೆಗೆ ಚೀಲ ಬರುವ ದಿನ ಊರಿನ ಅರ್ಧ ಜನ ಸೀನುತ್ತಿರುತ್ತಾರೆ. ಅದರ ಘಾಟು ಎಂದರು ಕೆಲವರು. ಹೊಟ್ಟೆಯಲ್ಲಿ ವಾಯು ಎಂದರು ಇನ್ನು ಕೆಲವರು. ಅವ್ವನ ಪ್ರಕಾರ ದೃಷ್ಟಿ. ಅವಳು ದಿನಾ ಸಂಜೆ ಒಣಮೆಣಸಿನಕಾಯಿ, ಉಪ್ಪು ಮುಷ್ಟಿಯಲ್ಲಿ ಹಿಡಿದು ಕೂಸಿಗೆ ನಿವಾಳಿಸಿ ಬಚ್ಚಲ ಒಲೆಗೆ ಹಾಕುತ್ತಿದ್ದಳು. ಸುಟ್ಟಾಗ ಘಾಟು ಏಳದಿದ್ದರೆ ದೃಷ್ಟಿ ತಾಗಿದೆ ಎಂದು ಲೆಕ್ಕ. ನಮ್ಮೂರ ಮೆಣಸಿನಕಾಯಿಗೆ ಬಣ್ಣವೇ ಹೊರತು ಖಾರ ಅಷ್ಟಿಲ್ಲ. ಹಾಗಾಗಿ ದಿನಾ ದೊಡ್ಡ ದೃಷ್ಟಿಯೇ ಬೀಳುತ್ತಿತ್ತು. ಒಂದು ದಿನ ಹೆಂಡತಿ ಅವ್ವನಿಗೆ ಹೇಳದೆ ಅಂಗಡಿಯಿಂದ ಬೇರೆ ಕಡೆಯ ಖಾರದ ಮೆಣಸಿನಕಾಯಿ ತರಿಸಿ ಡಬ್ಬಿಯಲ್ಲಿ ಇಟ್ಟಳು. ಅಂದು ಸಂಜೆ ಮೂವರೂ ಕೆಮ್ಮುತ್ತ ಬೀದಿಗೆ ಓಡಿದೆವು. ಆ ದಿನ ಅಪರೂಪಕ್ಕೆ ಮಲಗಿದ್ದ ಕೂಸೂ ಎದ್ದಿತು. ಅವ್ವ ಕಣ್ಣೀರು ಒರೆಸಿಕೊಳ್ಳುತ್ತ, ಇವತ್ತು ದೃಷ್ಟಿ ಇಲ್ಲ ನೋಡು ಎಂದು ಸಮಾಧಾನದಿಂದ ಹೇಳಿದಳು.

ಬ್ಯಾಡಗಿಯ ಡಾಕ್ಟರು ಕೂಸನ್ನು ತಿರುವಿ ಹಾಕಿ ನೋಡಿ, ಆರೋಗ್ಯವಾಗಿದೆ, ತಾನಾಗಿಯೇ ಸರಿಹೋಗುತ್ತದೆ ಎಂದರು. ಸರಿಹೋದದ್ದು ಎಂಟನೇ ತಿಂಗಳಲ್ಲಿ, ಅದೂ ಅವ್ವನ ಕೈಯಿಂದ. ಒಂದು ರಾತ್ರಿ ಅವಳು ಹಸುವಿನ ಹಾಲಿಗೆ ಸಕ್ಕರೆ ಹಾಕಿ, ಬೆಚ್ಚಗೆ ಮಾಡಿ, ಬಾಟಲಿಯಲ್ಲಿ ಕುಡಿಸಿದಳು. ಕೂಸು ಬಾಟಲಿ ಖಾಲಿಯಾಗುವುದರೊಳಗೆ ಕಣ್ಣು ಮುಚ್ಚಿತು. ಎರಡು ತಾಸು ಮಲಗಿತು. ಆ ಎರಡು ತಾಸು ನಾವು ಮೂವರೂ ಮಲಗಿದೆವು. ಮರುದಿನ ನಾನು ಶಾಲೆಯ ಮೈದಾನದಲ್ಲಿ ನಿಂತಾಗ ಜಗತ್ತಿಗೆ ಮತ್ತೆ ಬಣ್ಣ ಬಂದಂತಿತ್ತು.

ಅಲ್ಲಿಂದ ಅದೇ ನಮ್ಮ ಉಪಾಯವಾಯಿತು. ಕೂಸು ಕೊಸರಿದರೆ ಬಾಟಲಿ, ಕಣ್ಣು ಬಿಟ್ಟರೆ ಬಾಟಲಿ. ವರ್ಷ ತುಂಬಿದ ಮೇಲೆ ಹಾಲಿನಲ್ಲಿ ಬಿಸ್ಕಿಟ್ ಕರಗಿಸಿದ್ದು, ಎರಡು ವರ್ಷಕ್ಕೆ ರವೆಯ ಶಿರಾ. ಅವಳಿಗೆ ಹಸಿವಾಗಿದೆಯೋ ಇಲ್ಲವೋ ಎಂದು ನಾವು ಯಾರೂ ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ. ಅವಳ ಕೆನ್ನೆಗಳು ತುಂಬಿಕೊಂಡವು, ಮುಂಗೈಯಲ್ಲಿ ಬಳೆ ಹಾಕಿದಂತೆ ಮಡಿಕೆ ಬಿದ್ದವು. ಓಣಿಯ ಹೆಂಗಸರು ಎತ್ತಿಕೊಂಡು ಮುದ್ದಾಡುತ್ತಿದ್ದರು, ಏನು ತಿನ್ನಿಸುತ್ತೀರಿ ಎಂದು ಅವ್ವನನ್ನು ಕೇಳುತ್ತಿದ್ದರು. ಅವ್ವ ಉತ್ತರ ಹೇಳುವಾಗ ಅವಳ ಮುಖ ನೋಡಬೇಕಿತ್ತು.

ಮಗಳು ಬೆಳೆದಳು. ರಾತ್ರಿ ಅಳುವುದು ನಿಂತಿತು, ಆದರೆ ಬೇಗ ಮಲಗುವುದು ಬರಲಿಲ್ಲ. ನಮ್ಮ ಮನೆಯೂ ಬೇಗ ಮಲಗುವ ಮನೆಯಾಗಿರಲಿಲ್ಲ. ಹೆಂಡತಿ ಮನೆಯಲ್ಲೇ ಬ್ಲೌಸು, ಫ್ರಾಕು ಹೊಲಿಯುತ್ತಾಳೆ. ಹಗಲೆಲ್ಲ ಅಳತೆ ಕೊಡುವವರು, ಬಟ್ಟೆ ಒಯ್ಯುವವರು ಬರುತ್ತಿದ್ದುದರಿಂದ ಅವಳ ಮಷಿನ್ ನಿಜವಾಗಿ ಓಡುತ್ತಿದ್ದುದು ಊಟದ ನಂತರ. ಲಗ್ನದ ದಿನಗಳಲ್ಲಿ ಹನ್ನೊಂದೂವರೆ, ಹನ್ನೆರಡು. ಅವ್ವನ ಧಾರಾವಾಹಿಗಳು ಒಂದರ ಹಿಂದೊಂದು. ನಾನು ಮೊಬೈಲಿನಲ್ಲಿ ಕಬಡ್ಡಿ ನೋಡುತ್ತಿದ್ದೆ. ಮಗಳು ಮಷಿನ್ ಕೆಳಗೆ ಬಿದ್ದ ಬಟ್ಟೆಯ ಚೂರುಗಳಲ್ಲಿ ಗೊಂಬೆಗೆ ಸೀರೆ ಉಡಿಸುತ್ತ, ತಟ್ಟೆಯಲ್ಲಿ ಚುರುಮುರಿಯೋ ಚಕ್ಕುಲಿಯೋ ಇಟ್ಟುಕೊಂಡು ಕುಳಿತಿರುತ್ತಿದ್ದಳು. ನೋಡಲು ಚೆಂದದ ಸಂಸಾರ. ಈಗ ನೆನೆದರೂ ಆ ರಾತ್ರಿಗಳು ನನಗೆ ಪ್ರೀತಿಯವೇ.

ಅವಳು ನಾನಿರುವ ಶಾಲೆಗೇ ಬರುತ್ತಿದ್ದಳು. ಶಾಲೆಯಲ್ಲಿ ನಾನು ಅವಳಿಗೆ ‘ಸರ್’, ಮನೆಯಲ್ಲಿ ‘ಪಪ್ಪಾ’. ಆ ಗಡಿಯನ್ನು ಅವಳು ಒಂದನೇ ತರಗತಿಯಿಂದಲೇ ಬಹಳ ಶಿಸ್ತಿನಿಂದ ಕಾಯುತ್ತಿದ್ದಳು. ಸಂಜೆ ಮನೆಗೆ ಹೊರಟು ಗೇಟು ದಾಟಿದ ಕೂಡಲೇ ಬೈಕಿನ ಹಿಂದಿನಿಂದ ‘ಪಪ್ಪಾ’ ಎಂದು ಕೇಳುತ್ತಿತ್ತು.

ಪ್ರತಿವರ್ಷ ಶಾಲೆ ಶುರುವಾದ ಮೇಲೆ ಮಕ್ಕಳ ಎತ್ತರ, ತೂಕ ತೆಗೆದು ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಮಕ್ಕಳು ಸಾಲಾಗಿ ಬರುತ್ತಾರೆ, ತೂಕದ ಯಂತ್ರ ಹತ್ತುತ್ತಾರೆ, ನಾನು ಬಗ್ಗಿ ಮುಳ್ಳು ನೋಡಿ ಗಟ್ಟಿಯಾಗಿ ಹೇಳುತ್ತೇನೆ, ಮೇಜಿನ ಹತ್ತಿರ ಕುಳಿತ ಶಿಕ್ಷಕಿ ಬರೆದುಕೊಳ್ಳುತ್ತಾರೆ. ಹದಿನಾರು ವರ್ಷ ಹೀಗೆಯೇ ಮಾಡಿದ್ದೆ. ಮಗಳು ಸಣ್ಣ ತರಗತಿಗಳಲ್ಲಿದ್ದಾಗ ಆ ಮಕ್ಕಳ ತೂಕವನ್ನು ಅವರವರ ಶಿಕ್ಷಕಿಯರೇ ತೆಗೆಯುತ್ತಿದ್ದರು. ನಾಲ್ಕನೇ ತರಗತಿಗೆ ಬಂದಾಗ ಅವಳು ನನ್ನ ಸಾಲಿಗೆ ಬಂದಳು.

ಆ ದಿನ ಗದ್ದಲ ಬಹಳವಿತ್ತು. ನಾನು ಮುಳ್ಳನ್ನಷ್ಟೇ ನೋಡುತ್ತಿದ್ದೆ, ಮುಖಗಳನ್ನಲ್ಲ. ‘ಇಪ್ಪತ್ನಾಕು... ಇಪ್ಪತ್ತಾರು... ಇಪ್ಪತ್ಮೂರು...’ ಆಮೇಲೆ ‘ಮೂವತ್ತೊಂಬತ್ತು’ ಎಂದು ಒದರಿದೆ. ಸಾಲಿನಲ್ಲಿ ಯಾರೋ ಅದನ್ನು ಮತ್ತೆ ಹೇಳಿದರು, ಇನ್ಯಾರೋ ನಕ್ಕರು, ನಗು ಹಿಂದಿನವರೆಗೆ ಹೋಯಿತು. ಬರೆಯುತ್ತಿದ್ದ ಶಿಕ್ಷಕಿಯ ಪೆನ್ನು ನಿಂತಿತು. ತಲೆ ಎತ್ತಿದೆ. ಯಂತ್ರದ ಮೇಲೆ ನಿಂತಿದ್ದವಳು ನನ್ನ ಮಗಳು. ಅವಳು ಅಳಲಿಲ್ಲ. ಕೆಳಗಿಳಿದು ಚಪ್ಪಲಿ ಹಾಕಿಕೊಂಡು ಸಾಲಿನ ಕೊನೆಗೆ ಹೋಗಿ ನಿಂತಳು. ನಾನು ಮುಂದಿನ ಹುಡುಗಿಯನ್ನು ಕರೆದೆ. ಬೇರೇನು ಮಾಡಬೇಕೆಂದು ನನಗೆ ಗೊತ್ತಾಗಲಿಲ್ಲ.

ಆ ಸಂಜೆ ನಾನು ಅಂಗಳದಲ್ಲಿ ಬೈಕು ಒರೆಸುತ್ತಿದ್ದೆ. ಅವಳು ಬಾಗಿಲಲ್ಲಿ ನಿಂತು ಹೇಳಿದಳು:

“ಸರ್, ಮಮ್ಮಿ ಕರೀತಾಳ, ಊಟಕ್ಕ ಬರ್ರಿ.”

ಮೊದಲು ತಮಾಷೆ ಎಂದುಕೊಂಡೆ. ಮುಖ ನೋಡಿದರೆ ತಮಾಷೆ ಇರಲಿಲ್ಲ. ಊಟಕ್ಕೆ ಅವಳು ನನ್ನ ಜೊತೆ ಕುಳಿತುಕೊಳ್ಳಲಿಲ್ಲ, ಆಮೇಲೆ ಅಡುಗೆಮನೆಯಲ್ಲಿ ಅಜ್ಜಿಯ ಪಕ್ಕ ಉಂಡಳು. ಮರುದಿನವೂ ಸರ್. ಅದರ ಮರುದಿನವೂ ಸರ್.

ನಡೆದದ್ದನ್ನು ಹೆಂಡತಿಗೆ ಹೇಳಿದೆ. ಅವಳು ಮಗಳ ಶಾಲೆಯ ಅಂಗಿಯನ್ನು ತಂದು ಒಳಮೈ ತಿರುವಿ ನನ್ನ ಮುಂದೆ ಹಿಡಿದಳು. ಪಕ್ಕದ ಹೊಲಿಗೆಯ ಗುಂಟ ಹಳೆಯ ಹೊಲಿಗೆಗಳ ಗುರುತುಗಳು ಒಂದರ ಪಕ್ಕ ಒಂದು ಕಾಣುತ್ತಿದ್ದವು.

“ಎರಡು ವರ್ಷದಾಗ ಐದು ಸಲ ಬಿಚ್ಚಿ ಹೊಲದೇನಿ,” ಎಂದಳು. “ನಿಮಗ ಹೇಳಿದ್ರ ಆಕಿನ್ನ ಮೈದಾನದಾಗ ಓಡಸ್ತೀರಿ ಅಂತ ಹೇಳಲಿಲ್ಲ.”

ಅಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ನಾನು ಮಾಡಿದ್ದು ಅದನ್ನೇ. ನನ್ನ ಕೈಯಲ್ಲಿದ್ದ ವಿದ್ಯೆ ಅದೊಂದೇ. ಬೆಳಿಗ್ಗೆ ಐದೂವರೆಗೆ ಅವಳನ್ನು ಎಬ್ಬಿಸಿ ಮೈದಾನಕ್ಕೆ ಕರೆದೊಯ್ದು ಸುತ್ತು ಹಾಕಿಸತೊಡಗಿದೆ. ಕರಿದದ್ದು, ಸಿಹಿ ಎಲ್ಲ ಬಂದ್ ಎಂದು ಮನೆಯಲ್ಲಿ ಸಾರಿದೆ. ಅವಳು ಎದುರಾಡಲಿಲ್ಲ. ಕಣ್ಣು ಅರ್ಧ ಮುಚ್ಚಿಕೊಂಡೇ ಓಡುತ್ತಿದ್ದಳು, ಮುಗಿದ ಮೇಲೆ ‘ಆತ್ರಿ ಸರ್’ ಎನ್ನುತ್ತಿದ್ದಳು. ಮೂರು ವಾರವಾಗುವಷ್ಟರಲ್ಲಿ ಅವಳ ತರಗತಿಯ ಶಿಕ್ಷಕಿ ನನ್ನನ್ನು ಕರೆದು, ನಿಮ್ಮ ಮಗಳು ಎರಡನೇ ಪಿರಿಯಡ್ಡಿಗೆ ಬೆಂಚಿನ ಮೇಲೆ ತಲೆಯಿಟ್ಟು ಮಲಗುತ್ತಾಳೆ, ಮನೆಯಲ್ಲಿ ಏನಾದರೂ ತೊಂದರೆಯೇ ಎಂದು ಮೆತ್ತಗೆ ವಿಚಾರಿಸಿದರು. ಅದೇ ವಾರ ಹಾಸಿಗೆ ಕೊಡವುವಾಗ ಅವಳ ದಿಂಬಿನ ಕವರಿನೊಳಗಿಂದ ಬಿಸ್ಕಿಟ್ ಪುಡಿ ಬಿತ್ತು. ತೂಕ ಒಂದು ಕೆ.ಜಿ. ಹೆಚ್ಚೇ ಆಗಿತ್ತು.

ಆಗ ಹಾವೇರಿಯ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ವಯಸ್ಸಾದ ಹೆಣ್ಣುಮಗಳು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ನೋಡುವವರು. ನಾನು ಬರೆದುಕೊಂಡು ಹೋಗಿದ್ದ ಚೀಟಿ ತೆಗೆದು, ಏನು ತಿನ್ನುತ್ತಾಳೆ, ಎಷ್ಟು ಸುತ್ತು ಓಡುತ್ತಾಳೆ ಎಂದು ಓದಲು ಶುರು ಮಾಡಿದೆ. ಅವರು ಕೈ ಸನ್ನೆಯಿಂದ ನನ್ನನ್ನು ನಿಲ್ಲಿಸಿ ಮಗಳ ಕಡೆ ತಿರುಗಿದರು.

“ರಾತ್ರಿ ಯಾವಾಗ ಮಲ್ಕೋತಿ ನೀ?”

“ಮಮ್ಮಿ ಮಷಿನ್ ಬಂದ್ ಮಾಡಿದ ಮ್ಯಾಲೆ.”

“ಅಂದ್ರ ಎಷ್ಟಕ್ಕ?”

ಮಗಳು ತಾಯಿಯ ಮುಖ ನೋಡಿದಳು. ಹನ್ನೊಂದೂವರೆ ಎಂದು ಹೆಂಡತಿಯೇ ಹೇಳಿದಳು, ತಲೆ ತಗ್ಗಿಸಿ. ಸಣ್ಣವಳಿದ್ದಾಗ ಹೇಗೆ ಮಲಗುತ್ತಿದ್ದಳು ಎಂದು ಡಾಕ್ಟರು ಕೇಳಿದರು. ನಾವಿಬ್ಬರೂ ಒಬ್ಬರ ಮಾತಿಗೆ ಒಬ್ಬರು ಸೇರಿಸುತ್ತ ಎಲ್ಲ ಹೇಳಿದೆವು, ಪಾಳಿಯ ರಾತ್ರಿಗಳು, ಬಾಟಲಿ, ಬಿಸ್ಕಿಟ್, ಶಿರಾ. ಅವರು ಎಲ್ಲೂ ಹುಬ್ಬು ಗಂಟಿಕ್ಕಲಿಲ್ಲ. ಎಚ್ಚರವಾದಾಗಲೆಲ್ಲ ತಿನ್ನಿಸಿದರೆ ಕೆಲವು ಮಕ್ಕಳಿಗೆ ನಿದ್ದೆ ಯಾವುದು, ಹಸಿವು ಯಾವುದು ಎಂಬುದು ಗೊಂದಲವಾಗಬಹುದು, ನಿದ್ದೆ ಕಡಿಮೆಯಾದ ಮಕ್ಕಳಲ್ಲಿ ತೂಕ ಏರುವುದನ್ನು ನಾವು ಆಗಾಗ ನೋಡುತ್ತೇವೆ, ಆದರೆ ಎಲ್ಲರಿಗೂ ಹೀಗೇ ಆಗುತ್ತದೆಂದಲ್ಲ, ನಿಮ್ಮ ಮಗಳಿಗೆ ಇದೇ ಕಾರಣವೆಂದು ಆಣೆ ಮಾಡಿ ಹೇಳಲಾರೆ ಎಂದರು. ರಕ್ತ ಪರೀಕ್ಷೆ ಬರೆದುಕೊಟ್ಟರು. ಅದರಲ್ಲಿ ದೋಷವೇನೂ ಕಾಣಲಿಲ್ಲ.

“ಓಡೂದು ಸದ್ಯ ಬಿಡ್ರಿ ಸರ್,” ಎಂದರು ನನಗೆ. “ಮದ್ಲ ಮಲಗಸ್ರಿ. ಆಕಿನ್ನ ಒಬ್ಬಾಕಿನ್ನ ಅಲ್ಲ, ಮನೀನ ಮಲಗಸ್ರಿ.”

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಹೇಳಬಾರದಿತ್ತೇನೋ. ಅಂದು ಸಂಜೆ ಅವಳು ಟಿ.ವಿ. ಹಚ್ಚಲಿಲ್ಲ. ಊಟಕ್ಕೂ ಏಳಲಿಲ್ಲ. ಪಕ್ಕದಲ್ಲಿ ಹೋಗಿ ಕುಳಿತೆ. ಅವಳೇ ಹೇಳಿದಳು.

“ಬಾಟ್ಲಿ ಹಿಡದಾಕಿ ನಾನ. ಕೂಸು ಅಳೂದು ನೋಡಾಕ ಆಗ್ಲಿಲ್ಲಪಾ ನನಗ.”

ಹೊರಗಿನ ಕೋಣೆಯಲ್ಲಿ ಹೆಂಡತಿ ಕತ್ತರಿ ಕೆಳಗಿಟ್ಟ ಸದ್ದಾಯಿತು.

“ನಾನೂ ಕೊಟ್ಟೇನಲ್ಲವ್ವಾ,” ಎಂದೆ. “ನೀ ಆಕಿ ಅಳು ನಿಲ್ಲಿಸಾಕ ಕೊಟ್ಟಿ. ನಾ ಮಲ್ಕೊಳ್ಳಾಕ ಕೊಟ್ಟೆ.”

ಅದು ಖರೆ. ನಾನು ಆವರೆಗೆ ಯಾರಿಗೂ ಹೇಳಿರಲಿಲ್ಲ. ಮೂರು ಗಂಟೆಯ ಪಾಳಿಯಲ್ಲಿ ಕೂಸು ಸುಮ್ಮನೆ ಫ್ಯಾನು ನೋಡುತ್ತ ಆಡುತ್ತಿದ್ದಾಗಲೂ, ಅಳುವ ಮೊದಲೇ ಬಾಟಲಿ ಬಾಯಿಗಿಟ್ಟ ರಾತ್ರಿಗಳು ಎಷ್ಟೋ ಇದ್ದವು. ಅವ್ವ ನನ್ನ ಮುಖವನ್ನೇ ನೋಡಿದಳು. ಆಮೇಲೆ ಎದ್ದು ಹೋಗಿ ಮೂವರಿಗೂ ತಟ್ಟೆ ಹಾಕಿದಳು.

ಮನೆಯನ್ನು ಮಲಗಿಸುವುದು ಸುಲಭವಾಗಿರಲಿಲ್ಲ. ಹೆಂಡತಿ ಹೊಲಿಗೆಯನ್ನು ನಸುಕಿಗೆ ಬದಲಿಸಿದಳು. ನಾಲ್ಕೂವರೆಗೆ ಎದ್ದು ಕೂಡುತ್ತಿದ್ದಳು, ಒಪ್ಪಿದ ದಿನಕ್ಕೆ ಬಟ್ಟೆ ಕೊಡಲಾಗದೆ ಕೆಲವರ ಮಾತು ಕೇಳಿದಳು. ಬ್ಲೌಸು ತಡವಾಯಿತೆಂದು ಒಬ್ಬಾಕೆ ಬೇರೆ ದರ್ಜಿಯ ಹತ್ತಿರ ಹೋದಳು. ಅವ್ವ ಎರಡು ಧಾರಾವಾಹಿ ಬಿಟ್ಟಳು, ಮಧ್ಯಾಹ್ನ ಓಣಿಯ ಗೆಳತಿಯಿಂದ ಆ ಕತೆಯನ್ನು ಬಾಯಿಮಾತಿನಲ್ಲಿ ಕೇಳಿಕೊಂಡು ಬರುತ್ತಿದ್ದಳು. ನನ್ನ ಮೊಬೈಲ್ ಅಡುಗೆಮನೆಯ ಗೋಡೆಯ ಮೇಲಿನ ಹಲಗೆ, ನಾಗಂದಿಗೆಗೆ ಹೋಯಿತು. ಏಳೂವರೆಗೆ ಊಟ, ಒಂಬತ್ತಕ್ಕೆ ದೀಪ ಬಂದ್. ಚಕ್ಕುಲಿಗೆ ಬಂದ್ ಇಲ್ಲ. ಸಂಜೆ ಶಾಲೆಯಿಂದ ಬಂದಾಗ ಎಲ್ಲರೂ ಕುಳಿತು ತಿನ್ನುವುದು, ದಿಂಬಿನೊಳಗೆ ಇಡುವಂತಿಲ್ಲ, ಅಷ್ಟೇ ಕರಾರು.

ಮೊದಲ ವಾರ ನಾವು ನಾಲ್ವರೂ ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿದ್ದೆವು. ಹತ್ತು ಗಂಟೆಗೆ ಅವ್ವ ಕೆಮ್ಮಿದರೆ ಎಲ್ಲರಿಗೂ ನಗು ಬರುತ್ತಿತ್ತು. ಒಂದು ರಾತ್ರಿ ಮಗಳು ನನ್ನ ಪಕ್ಕದಲ್ಲಿ ಹೊರಳಾಡುತ್ತಿದ್ದಳು. ಹಸಿವಾಗಿದೆಯೇ ಎಂದು ಕೇಳಿದೆ. ಒಂಬತ್ತು ವರ್ಷಗಳಲ್ಲಿ ಮೊದಲ ಸಲ ಕೇಳಿದ್ದೆ.

ಅವಳು ನನ್ನ ಕಡೆ ಹೊರಳಿದಳು.

“ಇಲ್ಲ,” ಎಂದಳು. “ಎಚ್ಚರಿದ್ದಾಗ ಏನ್ ಮಾಡ್ಬೇಕು ತಿಳಿಯೂದಿಲ್ಲ. ಅದಕ್ಕ ತಿಂತೇನಿ.”

ಅಷ್ಟು ಸಣ್ಣ ಮಾತನ್ನು ಅಷ್ಟು ತಿಳಿಯಾಗಿ ಹೇಳಿದವರನ್ನು ನಾನು ಕಂಡಿಲ್ಲ. ಅವಳ ಕೈ ಹಿಡಿದುಕೊಂಡೆ. ಎಚ್ಚರವಾಗಿದ್ದರೆ ಎಚ್ಚರವಾಗಿಯೇ ಇರು, ನಾನೂ ಇರುತ್ತೇನೆ ಎಂದೆ. ಆಮೇಲೆ ಶಾಲೆಯಲ್ಲಿ ನಡೆದದ್ದಕ್ಕೆ ತಪ್ಪಾಯಿತೆಂದು ಹೇಳಿದೆ. ಇನ್ನು ಮುಂದೆ ನಿನ್ನ ತೂಕವನ್ನು ಗಟ್ಟಿಯಾಗಿ ಹೇಳುವುದಿಲ್ಲ ಎಂದೆ.

“ನಂದಷ್ಟ ಅಲ್ಲ,” ಎಂದಳು ಕತ್ತಲಲ್ಲಿ. “ಯಾರ್ದೂ ಒದರಬ್ಯಾಡ.”

ಒದರಬ್ಯಾಡ್ರಿ ಅನ್ನಲಿಲ್ಲ, ಒದರಬ್ಯಾಡ ಎಂದಳು. ಅದನ್ನು ಗಮನಿಸಿದ ಮೇಲೆ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ಅವಳಿಗೆ ಬಂತು.

ಮರುವರ್ಷ ತೂಕದ ಯಂತ್ರವನ್ನು ಕ್ರೀಡಾ ಸಾಮಾನಿನ ಕೋಣೆಯೊಳಗೆ ಇಟ್ಟೆ. ಒಬ್ಬೊಬ್ಬರೇ ಒಳಗೆ ಬರುವುದು, ಬಾಗಿಲು ಅರ್ಧ ಮುಚ್ಚಿರುವುದು, ಬರೆದುಕೊಳ್ಳುವವನೂ ನಾನೇ. ಸಮಯ ದುಪ್ಪಟ್ಟು ಹಿಡಿಯಿತು. ಮುಖ್ಯ ಗುರುಗಳು ಯಾಕೆ ಇಷ್ಟು ತಡ ಎಂದು ಕೇಳಿದಾಗ, ಹೀಗೆ ಸರಿ ಅನಿಸಿತು ಎಂದೆ. ಆ ಕೋಣೆಯಲ್ಲಿ ನನಗೆ ಗೊತ್ತಾದದ್ದೆಂದರೆ, ತೀರಾ ಸಣ್ಣಗಿದ್ದ ಮಕ್ಕಳೂ ಯಂತ್ರ ಹತ್ತುವಾಗ ಉಸಿರು ಬಿಗಿಹಿಡಿಯುತ್ತಾರೆ. ಇಷ್ಟು ವರ್ಷ ಮುಳ್ಳು ನೋಡುವ ಭರದಲ್ಲಿ ನಾನು ಅದನ್ನು ನೋಡಿಯೇ ಇರಲಿಲ್ಲ. ಮಗಳ ತೂಕ ಆ ವರ್ಷ ನಲವತ್ತೊಂದು. ಎತ್ತರ ಮಾತ್ರ ನಾಲ್ಕು ಬೆರಳು ಏರಿತ್ತು. ಅವಳ ಅಂಗಿಯನ್ನು ಹೆಂಡತಿ ಆ ವರ್ಷ ಪಕ್ಕದಲ್ಲಿ ಬಿಚ್ಚಲಿಲ್ಲ, ಕೆಳಗೆ ಬಿಚ್ಚಿ ಉದ್ದ ಮಾಡಿದಳು.

ಈಗ ಅವಳು ಆರನೇ ತರಗತಿ. ತೆಳ್ಳಗಾಗಿಲ್ಲ. ಆಗುತ್ತಾಳೆಂದೂ ನನಗೆ ಅನಿಸುವುದಿಲ್ಲ. ನಮ್ಮ ಅವ್ವನ ಕಡೆಯವರದೆಲ್ಲ ಅಗಲ ಮೈ. ಓಡುತ್ತಾಳೆ, ಆದರೆ ತಾನಾಗಿ, ಸಂಜೆ, ಗೆಳತಿಯರ ಜೊತೆ ಖೋಖೋದಲ್ಲಿ. ಅವಳಿಗೆ ಆದದ್ದು ನಿದ್ದೆಯಿಂದಲೋ, ಬಾಟಲಿಯಿಂದಲೋ, ಅಗಲ ಮೈಯಿಂದಲೋ, ನನಗೆ ಇವತ್ತಿಗೂ ಗೊತ್ತಿಲ್ಲ. ಎರಡನೇ ಪಿರಿಯಡ್ಡಿಗೆ ಅವಳು ಮಲಗುವುದಿಲ್ಲ ಎಂಬುದು ಗೊತ್ತು.

ಕಳೆದ ತಿಂಗಳು ರಾಣೆಬೆನ್ನೂರಿನಲ್ಲಿ ನನ್ನ ಹೆಂಡತಿಯ ತಂಗಿಯ ಮಗುವಿಗೆ ಹೆಸರಿಡುವ ಕಾರ್ಯವಿತ್ತು. ಹಿಂದಿನ ದಿನವೇ ಹೋಗಿದ್ದೆವು. ಮನೆ ತುಂಬ ಜನ, ಅಡುಗೆಯವರು ಹೋಳಿಗೆಯ ಕಣಕ ನಾದುತ್ತಿದ್ದರು, ಹುಡುಗರು ದೀಪದ ಸರ ಕಟ್ಟುತ್ತಿದ್ದರು. ಒಂಬತ್ತೂವರೆಗೆ ಮಗಳು ಕಾಣಲಿಲ್ಲ. ಹುಡುಕಿದರೆ, ಒಳಕೋಣೆಯಲ್ಲಿ ನೆಂಟರ ಚೀಲಗಳ ನಡುವೆ ಜಾಗ ಮಾಡಿಕೊಂಡು, ಇಷ್ಟೆಲ್ಲ ಗದ್ದಲದಲ್ಲಿ ಗೊರಕೆ ಹೊಡೆಯುತ್ತಿದ್ದಳು. ನಮ್ಮ ಅತ್ತೆ ಗಾಬರಿಯಾಗಿ ಹಣೆ ಮುಟ್ಟಿ ನೋಡಿದರು, ಬಿಸಿ ಹೋಳಿಗೆಗೆ ಎಬ್ಬಿಸಲೇ ಎಂದು ಕೇಳಿದರು. ಬಾಗಿಲಲ್ಲಿ ನಿಂತಿದ್ದ ನಮ್ಮ ಅವ್ವ ಅವರ ಕೈ ಹಿಡಿದು ಈಚೆ ಕರೆತಂದಳು.

“ಬ್ಯಾಡ್ರಿ ಬೀಗ್ತಿ. ಆಕಿಗಿ ನಿದ್ದಿ ಬಂದೈತಿ.”

ಮುಂಜಾನೆ ಮಗಳು ಎಲ್ಲರಿಗಿಂತ ಮೊದಲು ಎದ್ದು, ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತು, ರಾತ್ರಿಯ ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ತಿಂದಳು. ಮೂರು ತಿಂದಳು. ಎಣಿಸಿದೆನೆಂದು ನಾನು ಯಾರಿಗೂ ಹೇಳಿಲ್ಲ.